ಪಾಲಿಗೊಂದು ದಾರಿ

ಕನಿಶಾಯ್ ಆ ಮನೆಯನ್ನು ಕಾಲಿನಿಂದ ಕಟ್ಟಿದವಳು. ಹೊಂಡಕ್ಕೆ ಮಣ್ಣು, ಮಣ್ಣಿಗೆ ನೀರು, ನೀರಿಗೆ ಗೋಧಿಹುಲ್ಲು. ಲಂಗವನ್ನು ಮೊಣಕಾಲಿನ ಮೇಲೆ ಸಿಕ್ಕಿಸಿ ಇಳಿದರೆ ಹೊತ್ತು ಮುಳುಗುವವರೆಗೆ ತುಳಿಯಬೇಕು. ಹುಲ್ಲಿನ ಕಡ್ಡಿ ಚರ್ಮ ಕೊಯ್ಯುತ್ತದೆ. ಕೊಯ್ದಲ್ಲಿ ಕೆಸರು ಸೇರುತ್ತದೆ. ರಾತ್ರಿಯೆಲ್ಲ ಕಾಲು ಉರಿ, ಬೆಳಗಾದರೆ ಮತ್ತೆ ಹೊಂಡ. ತುಳಿದ ಮಣ್ಣನ್ನು ಅಚ್ಚಿಗೆ ಬಡಿಯಬೇಕು, ಅಚ್ಚು ಎತ್ತಬೇಕು, ಬಿಸಿಲಿಗೆ ಬಿಡಬೇಕು, ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುವಬೇಕು. ಎರಡು ಬೇಸಿಗೆ ಇದೇ ಕೆಲಸ. ಗಂಡ ಮೆಲಿಸ್ ಆಗಲೇ ರಷ್ಯಾಕ್ಕೆ ದುಡಿಯಲು ಹೋಗಿದ್ದ, ಚಳಿಗಾಲಕ್ಕೊಮ್ಮೆ ಬಂದು ಹೋಗುತ್ತಿದ್ದ. ಮೈದುನರಿಬ್ಬರು ಆಗಾಗ ಬಂದು ಹೊಂಡದ ದಂಡೆಯಲ್ಲಿ ನಿಂತು, ಇಟ್ಟಿಗೆ ಚೆನ್ನಾಗಿ ಬಂದಿದೆ ಅತ್ತಿಗೆ ಎಂದು ಹೊಗಳಿ ಹೋಗುತ್ತಿದ್ದರು. ಹೊಗಳುವುದಕ್ಕೇನು, ಬಾಯಿಗೆ ಕೆಸರು ಹತ್ತುವುದಿಲ್ಲ.

ಎರಡನೇ ಬೇಸಿಗೆಯಲ್ಲಿ ಅವಳ ಹೊಟ್ಟೆಯಲ್ಲಿ ನಾಲ್ಕು ತಿಂಗಳದ್ದು ಇತ್ತು. ಅದು ಆ ಹೊಂಡದಲ್ಲೇ ಹೋಯಿತು. ಕೆಸರು ಕೆಂಪಾದದ್ದನ್ನು ಅವಳೇ ಮೊದಲು ನೋಡಿದ್ದು. ಅತ್ತೆ ಬಂದು ಕೈಹಿಡಿದು ಎತ್ತಿ, ಬಿಸಿ ಹಾಲು ಕೊಟ್ಟು, ಒಳಗೆ ಮಲಗಿಸಿದರು. ಸಂಜೆ ಮತ್ತೆ ಬಂದು, ಕಲಸಿದ ಮಣ್ಣು ಹಾಗೇ ಉಳಿದಿದೆ, ಗಟ್ಟಿಯಾಗಿ ಹಾಳಾದೀತು ಎಂದು ಬಾಗಿಲಲ್ಲೇ ನಿಂತು ಹೇಳಿದರು. ಮಾರನೆಯ ದಿನ ಕನಿಶಾಯ್ ಆ ಮಣ್ಣನ್ನೇ ಅಚ್ಚಿಗೆ ಹಾಕಿದಳು. ಆ ಇಟ್ಟಿಗೆಗಳು ಯಾವ ಗೋಡೆಯಲ್ಲಿವೆ ಎಂದು ಅವಳಿಗೆ ಗೊತ್ತು. ಆಮೇಲೆ ಹುಟ್ಟಿದ್ದು ಒಬ್ಬಳೇ ಮಗಳು, ಜಿಬೆಕ್.

ಮಾವನ ಮನೆ ಬೀದಿಗೆ ಮುಖ ಮಾಡಿ ನಿಂತಿತ್ತು. ಕಬ್ಬಿಣದ ದೊಡ್ಡ ಗೇಟು, ಆಮೇಲೆ ಅಂಗಳ, ಅಂಗಳದ ತುದಿಯಲ್ಲಿ ಕನಿಶಾಯ್ ಕಟ್ಟಿದ ಎರಡು ಕೋಣೆ. ಅದರ ಹಿಂದೆ ಎತ್ತರದ ಮಣ್ಣಿನ ಗೋಡೆ, ಅದನ್ನೂ ಅವಳೇ ಎಬ್ಬಿಸಿದ್ದು. ಗೋಡೆಯಾಚೆ ಕಾಲುವೆ ಪಕ್ಕದ ಓಣಿ. ಅವಳ ಮನೆಯಿಂದ ಯಾರೇ ಹೊರಗೆ ಹೋಗಬೇಕಾದರೂ ಮಾವನ ಕಿಟಕಿಯ ಮುಂದೆ ಹಾದು ಮಾವನ ಗೇಟು ದಾಟಬೇಕು. ಸೊಸೆ ಎದ್ದದ್ದು ಎಷ್ಟು ಹೊತ್ತಿಗೆ, ಹೋದದ್ದು ಎಲ್ಲಿಗೆ, ಬಂದದ್ದು ಯಾವಾಗ, ಎಲ್ಲ ಆ ಕಿಟಕಿಗೆ ಲೆಕ್ಕ. ಹದಿಮೂರು ವರ್ಷ ಅವಳು ಆ ಕಿಟಕಿಯ ಮುಂದೆ ನಿತ್ಯ ಬಾಗಿ ನಮಸ್ಕರಿಸಿ ಹಾದುಹೋದಳು.

ಮಾವನಿಗೆ ಒಂದು ಹೆಸರಿತ್ತು. ಅದನ್ನು ಅವಳು ಎತ್ತುವಂತಿರಲಿಲ್ಲ. ನಮ್ಮಲ್ಲಿ ಸೊಸೆಯ ಬಾಯಲ್ಲಿ ಗಂಡನ ಅಪ್ಪನ ಹೆಸರು ಬಂದರೆ ಅದು ಬೈಗುಳಕ್ಕಿಂತ ಕಡೆ. ಪಕ್ಕದ ಮನೆಯ ಕರುವಿಗೆ ಆ ಹೆಸರಿದ್ದರೆ ಆ ಕರುವನ್ನೂ ಕರೆಯಬಾರದು. ಮದುವೆಯಾಗಿ ಬಂದ ದಿನವೇ ಅತ್ತೆ ಇದನ್ನು ಕಲಿಸಿದ್ದರು. ಕನಿಶಾಯ್ ಅದನ್ನು ಮನಸ್ಸಿನಲ್ಲಿ ಕೂಡ ಹೇಳಿಕೊಂಡವಳಲ್ಲ.

ಮೆಲಿಸ್‌ಗೆ ರಷ್ಯಾದಲ್ಲಿ ಇನ್ನೊಬ್ಬಳು ಸಿಕ್ಕಿದಳು. ಅವನು ಫೋನಿನಲ್ಲೇ ಮೂರು ಸಲ ತಲಾಖ್ ಹೇಳಿ ಮುಗಿಸಿದ. ಮೂರನೆಯದನ್ನು ಹೇಳುವಾಗ ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು, ಅದನ್ನು ಕಡಿಮೆ ಮಾಡುವಷ್ಟು ವ್ಯವಧಾನವೂ ಅವನಿಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಅವಳನ್ನು ದೊಡ್ಡಮನೆಗೆ ಕರೆದು ಕೂರಿಸಿದರು. ತಾವೇ ಚಹಾ ಬಗ್ಗಿಸಿದರು. ಅತ್ತೆ ಸೊಸೆಗೆ ಚಹಾ ಕೊಡುವುದೇ ಇಲ್ಲ, ಬಗ್ಗಿಸುವುದು ಸೊಸೆಯ ಕೆಲಸ. ಅದೂ ಬಟ್ಟಲಿನ ಅರ್ಧಕ್ಕೆ, ಮತ್ತೆ ಮತ್ತೆ. ಅರ್ಧ ಬಟ್ಟಲೆಂದರೆ ಇನ್ನೂ ಕೂತಿರು ಎಂದು ಅರ್ಥ. ಅತ್ತೆ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಅವಳ ಮುಂದೆ ಇಟ್ಟರು. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಎದ್ದು ನಡೆ ಎಂದು ಅರ್ಥ. ಬೇರೆ ಮಾತೇ ಬೇಕಾಗಲಿಲ್ಲ. ಆದರೂ ಅತ್ತೆ ವಿವರಿಸಿದರು. ಕಿರಿಯವನು ಎರ್ಮೆಕ್‌ಗೆ ಹೆಣ್ಣು ಗೊತ್ತಾಗಿದೆ, ಹೊಸ ಸೊಸೆಗೆ ಹಿಂದಿನ ಎರಡು ಕೋಣೆ ಬೇಕು, ನೀನು ತವರಿನಿಂದ ತಂದ ಹಾಸಿಗೆಗಳನ್ನು ತೆಗೆದುಕೊಂಡು ಹೋಗು, ಅದರಲ್ಲಿ ನಾವೇನೂ ಇಟ್ಟುಕೊಳ್ಳುವುದಿಲ್ಲ.

"ಮನೆ?" ಎಂದಳು ಕನಿಶಾಯ್.

"ಯಾವ ಮನೆ ತಾಯಿ?" ಎಂದರು ಅತ್ತೆ. "ನೆಲ ನಿಮ್ಮ ಮಾವನದು. ನೆಲದ ಮೇಲಿರೋದು ನೆಲದೋರಿಗೇ ತಾನೆ."

ತವರಿನಲ್ಲಿ ಅಣ್ಣ, ಅತ್ತಿಗೆ, ಅವರ ಐದು ಮಕ್ಕಳು, ಮೂರು ಕೋಣೆ. ಹೋದರೆ ಒಂದು ವಾರ ಊಟ ಹಾಕಿಯಾರು, ಆಮೇಲೆ ಬಟ್ಟಲು ತುಂಬಿಸುತ್ತಾರೆ. ಕನಿಶಾಯ್ ಹಾಸಿಗೆಗಳನ್ನು ಮಡಚಲಿಲ್ಲ.

ಬೀದಿಯಾಚೆ ಸಾಲ್ಕಿನ್ ಎಂಬ ನಿವೃತ್ತ ಟೀಚರಮ್ಮ ಇದ್ದರು. ದೇಹ ಕೃಶ, ಬಾಯಿ ಜೋರು. ಅವರು ಕನಿಶಾಯ್‌ಳನ್ನು ಬಸ್ಸು ಹತ್ತಿಸಿಕೊಂಡು ಜಿಲ್ಲಾ ಕೇಂದ್ರದ ನೋಂದಣಿ ಕಚೇರಿಗೆ ಕರೆದೊಯ್ದರು. ಗಾಜಿನ ಕಿಂಡಿಯ ಹಿಂದೆ ಕೂತಿದ್ದ ಹೆಂಗಸು ತಲೆ ಎತ್ತದೆ ಹೇಳಿದಳು. ಜಾಗ ಪಾಲಾಗಿದೆ ಎಂದು ದಾಖಲಾಗಬೇಕಾದರೆ ಮಾಲೀಕ ನೋಟರಿಯ ಮುಂದೆ ಒಪ್ಪಿ ಸಹಿ ಹಾಕಬೇಕು. ಒಪ್ಪದಿದ್ದರೆ ಕೋರ್ಟಿನ ಆದೇಶ ತರಬೇಕು. ಪರವಾನಗಿ ಇರುವ ಅಳತೆಗಾರ ಬರೆದ ನಕ್ಷೆ ಬೇಕು. ಆ ನಕ್ಷೆಯಲ್ಲಿ ಪ್ರತಿ ಪಾಲಿಗೂ ಬೀದಿಗೆ ಹೋಗಲು ಅದರದೇ ದಾರಿ ಇರಬೇಕು. ಒಂದು ಕಡಿಮೆಯಾದರೂ ಅರ್ಜಿ ಒಳಗೆ ಬರುವುದಿಲ್ಲ.

"ನಾನು ಕಟ್ಟಿದ್ದು, ಅದಕ್ಕೆ ಏನು ಕೊಡ್ಬೇಕು?" ಎಂದು ಕನಿಶಾಯ್ ಕೇಳಿದಳು.

ಆ ಹೆಂಗಸು ಆಗ ತಲೆ ಎತ್ತಿದಳು. "ಅರ್ಜೀಲಿ ಅದನ್ನ ಕೇಳೋ ಕಾಲಮ್ಮು ಇಲ್ಲ ಅಕ್ಕ," ಎಂದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಟೀಚರಮ್ಮ ದಾವೆ ಬರೆದುಕೊಟ್ಟರು. ಮಾವನ ಹೆಸರನ್ನು ಅವರೇ ಬರೆದರು, ಕನಿಶಾಯ್ ಕೆಳಗೆ ಸಹಿ ಮಾತ್ರ ಹಾಕಿದಳು. ಕೋರ್ಟಿನ ದಿನ ಅವಳು ತಲೆಗೆ ಬಿಳಿ ವಸ್ತ್ರ ಕಟ್ಟಿ, ಇದ್ದ ಒಂದೇ ಕೋಟು ತೊಟ್ಟು ಹೋದಳು. ಮಾವ ಮುಂದಿನ ಸಾಲಿನಲ್ಲಿ ಬಿಳಿ ಉಣ್ಣೆಯ ಎತ್ತರದ ಟೋಪಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ವಕೀಲಿಕೆ ಓದಿದ ಅವರ ಅಣ್ಣನ ಮಗ. ಅತ್ತೆ ಸರಿಯಾಗಿ ಕನಿಶಾಯ್‌ಳ ಬೆನ್ನ ಹಿಂದಿನ ಕುರ್ಚಿ ಹಿಡಿದಿದ್ದರು.

ಜಡ್ಜು ಕಾಗದ ತಿರುವಿ, ದಾವೆ ಯಾರ ಮೇಲೆ ಎಂದು ಬಾಯಿಬಿಟ್ಟು ಹೇಳಬೇಕು ಎಂದರು.

ಕನಿಶಾಯ್ ಎದ್ದು ನಿಂತಳು. ನಮ್ಮ ಮಾವನೋರ ಮೇಲೆ ಎಂದಳು.

ಹೆಸರು ಹೇಳಮ್ಮ ಎಂದರು ಜಡ್ಜು.

ಅವಳ ಬಾಯಿ ತೆರೆಯಿತು. ಹಿಂದೆ ಅತ್ತೆ ಮೆಲ್ಲಗೆ ಕೆಮ್ಮಿದರು. ಬಾಯಿ ಮುಚ್ಚಿತು. ಜಡ್ಜು ಕೂಡ ನಮ್ಮವನೇ. ಅವನ ತಾಯಿಯೂ ಒಂದು ಕಾಲಕ್ಕೆ ಹೀಗೇ ಹೆಸರು ನುಂಗಿ ಬದುಕಿದವಳೇ ಇರಬೇಕು. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕೈಗಡಿಯಾರ ನೋಡಿಕೊಂಡ. ಬರೆಯುವ ಹುಡುಗಿ ತುಟಿ ಕಚ್ಚಿ ನಗು ತಡೆದಳು. ಕನಿಶಾಯ್ ನೆಲ ನೋಡಿದಳು. ಟೀಚರಮ್ಮ ದೂರದಿಂದ ಹೇಳು, ಹೇಳು ಎಂದು ಬಾಯಿ ಆಡಿಸುತ್ತಿದ್ದರು. ಅವಳಿಗೆ ಆಗಲಿಲ್ಲ.

ಮಾವನ ಅಣ್ಣನ ಮಗ ಎದ್ದು ಬಹಳ ವಿನಯದಿಂದ ಮಾತಾಡಿದ. "ಸ್ವಾಮಿ, ನೋಡಿ. ನಮ್ಮ ಅತ್ತಿಗೆ ದೊಡ್ಡ ಮನಸ್ಸಿನೋರು. ಮಾವನ ಹೆಸರೆತ್ತೋಕೂ ಅವರಿಗೆ ಬಾಯಿ ಬರ್ತಿಲ್ಲ, ಇನ್ನು ದಾವೆ ಹಾಕ್ತಾರಾ? ಇದೆಲ್ಲ ಬೇರೆಯೋರು ಬರೆಸಿದ್ದು."

ಅಲ್ಲಿಗೆ ಮುಗಿಯಿತು. ಅವಳು ತೋರಿಸಿದ ಮರ್ಯಾದೆಯನ್ನೇ ಅವಳ ಒಪ್ಪಿಗೆ ಎಂದು ಬರೆದುಕೊಂಡರು. ದಾವೆ ಹಾಕಿದವಳು ಯಾರ ಮೇಲೂ ದೂರು ಹೇಳಲಿಲ್ಲ, ಆದ್ದರಿಂದ ದಾವೆ ವಿಚಾರಣೆಗಿಲ್ಲ. ಬೇಕಾದರೆ ಪಾಲಿನ ನಕ್ಷೆಯ ಸಮೇತ ಹೊಸದಾಗಿ ಹಾಕಬಹುದು. ಹೊರಗೆ ಬಂದಾಗ ಮಾವ ಮೆಟ್ಟಿಲ ಮೇಲೆ ನಿಂತು ಅವಳ ತಲೆ ಮುಟ್ಟಿ, ಒಳ್ಳೇದಾಗಲಿ ತಾಯಿ ಎಂದು ಹರಸಿದರು. ಅವಳು ಬಾಗಿ ನಮಸ್ಕರಿಸಿದಳು. ಬಾಗಿದ ಮೇಲೆ ತಾನು ಬಾಗಿದೆ ಎಂದು ಗೊತ್ತಾಯಿತು. ಬಸ್ಸಿನಲ್ಲಿ ಊರು ಬರುವವರೆಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು, ಟೀಚರಮ್ಮ ಕೈ ಹಿಡಿದರೂ ಬಿಡಲಿಲ್ಲ.

ಮತ್ತೆ ಅದೇ ಗಾಜಿನ ಕಿಂಡಿ. ಆ ಹೆಂಗಸು ಈ ಸಲ ಪೆನ್ನು ಕೆಳಗಿಟ್ಟು ಮಾತಾಡಿದಳು. ಕೋರ್ಟಿಗೆ ನಕ್ಷೆ ಬೇಕು, ನಕ್ಷೆಗೆ ದಾರಿ ಬೇಕು, ನಿನ್ನ ಮನೆಗೆ ದಾರಿಯೇ ಇಲ್ಲ. ಮಾವನ ಅಂಗಳ ದಾಟಿ ಹೋಗುವುದು ಅವರ ದಾರಿ, ನಿನ್ನದಲ್ಲ.

"ಹಿಂದೆ ಓಣಿ ಇದೆ," ಎಂದಳು ಕನಿಶಾಯ್. "ನಡುವೆ ಗೋಡೆ."

"ಅಳತೆಗಾರ ಇರೋದನ್ನ ಬರೀತಾನೆ, ಇಲ್ಲದ್ದನ್ನ ಬರೆಯಲ್ಲ," ಎಂದಳು ಆ ಹೆಂಗಸು. "ಅವನು ಬಂದ ದಿನ ಗೋಡೆ ಇದ್ದರೆ ಗೋಡೆ. ದಾರಿ ಇದ್ದರೆ ದಾರಿ. ಒಂದು ಮೀಟರ್ ಅಗಲ ಇರಬೇಕು ಅಷ್ಟೆ. ನಾನು ಏನೂ ಹೇಳಿಲ್ಲ ಅಕ್ಕ."

ಕನಿಶಾಯ್ ಕಿವಿಯೋಲೆ ಮಾರಿ ಅಳತೆಗಾರನನ್ನು ಗೊತ್ತು ಮಾಡಿದಳು. ಇಡೀ ಜಿಲ್ಲೆಗೆ ಅವನೊಬ್ಬ. ಶುಕ್ರವಾರ ಮಧ್ಯಾಹ್ನ ಬರುತ್ತೇನೆ, ಅದು ತಪ್ಪಿದರೆ ಚಳಿಗಾಲ ಕಳೆದ ಮೇಲೆ ಎಂದ. ಚಳಿಗಾಲದೊಳಗೆ ಎರ್ಮೆಕ್‌ನ ಮದುವೆ. ಹೊಸ ಸೊಸೆ ಬಂದು ಮದುವಣಗಿತ್ತಿಯ ಪರದೆಯ ಹಿಂದೆ ಕೂತ ಮೇಲೆ ಆ ಮನೆಯಿಂದ ಯಾರನ್ನು ಎಬ್ಬಿಸುವುದು?

ಬುಧವಾರ ಬೆಳಿಗ್ಗೆ ಅವಳು ಹಾರೆ ತೆಗೆದುಕೊಂಡು ತಾನು ಎಬ್ಬಿಸಿದ ಗೋಡೆಗೆ ಹಾಕಿದಳು. ಒಳ್ಳೆಯ ಗೋಡೆ, ಬೇಗ ಬೀಳಲಿಲ್ಲ. ಗೋಡೆ ಗಟ್ಟಿ ಮಾಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಅಂಗೈ ಬೊಬ್ಬೆ ಬಂದು ಒಡೆಯಿತು. ಮಧ್ಯಾಹ್ನದ ಹೊತ್ತಿಗೆ ಓಣಿ ಕಂಡಿತು, ಕಾಲುವೆಯ ನೀರು ಕಂಡಿತು. ಕಾಲುವೆಗೆ ಎರಡು ಹಲಗೆ ಹಾಸಿ ಆಚೆ ಹೋಗಿ ನಿಂತು ನೋಡಿದಳು. ಯಾವ ಕಿಟಕಿಯೂ ಅವಳನ್ನು ನೋಡುತ್ತಿರಲಿಲ್ಲ. ಅಲ್ಲೇ ಕೂತು ಅತ್ತಳು.

ಸಂಜೆ ಮೈದುನರು ಸಾಪಾರ್ ಮತ್ತು ಎರ್ಮೆಕ್ ಬಂದು ಕೆಡವಿದ ಇಟ್ಟಿಗೆಗಳನ್ನೇ ಪೇರಿಸಿ ಮುಚ್ಚಿದರು. ಗುರುವಾರ ಅವಳು ಒಡೆದಳು, ಅವರು ಮುಚ್ಚಿದರು. ಶುಕ್ರವಾರ ಬೆಳಿಗ್ಗೆ ಅವಳು ಮತ್ತೆ ಒಡೆದಳು. ಆಗ ಟ್ರಾಕ್ಟರಿನಲ್ಲಿ ಸಿಮೆಂಟ್ ಬ್ಲಾಕುಗಳು ಬಂದು ಇಳಿದವು. ಮಾವ ಬಂದರು. ಅವರ ಜೊತೆ ಬಿಳಿ ಟೋಪಿಯ ಹಿರಿಯರು ಮೂವರು ಬಂದರು. ನ್ಯಾಯ ಹೇಳುವುದಕ್ಕೆ ಬಂದವರು, ಬರುವಾಗಲೇ ನ್ಯಾಯ ಯಾರ ಕಡೆ ಎಂದು ನಿರ್ಧರಿಸಿಕೊಂಡೇ ಬಂದಿದ್ದರು. ಓಣಿಯಲ್ಲಿ ಜನ ಸೇರಿದರು. ಅಳತೆಗಾರ ಬರಲು ಇನ್ನೂ ಹೊತ್ತಿತ್ತು.

ಒಬ್ಬ ಹಿರಿಯ, ಸೊಸೆ ಮನೆಯ ಮಾನ ಬೀದಿಗೆ ತರಬಾರದು ಎಂದು ಶುರು ಮಾಡಿದ. ಇನ್ನೊಬ್ಬ, ಗೋಡೆ ಒಡೆಯುವ ಹೆಣ್ಣು ನಾಳೆ ಏನು ತಾನೆ ಒಡೆಯಲಿಕ್ಕಿಲ್ಲ ಎಂದು ನಗಿಸಿದ. ಎಲ್ಲರೂ ನಕ್ಕರು.

ಕನಿಶಾಯ್ ಹಾರೆಯನ್ನು ಕಾಲುವೆಗೆ ಎಸೆದಳು. ಅದು ಕೈಯಲ್ಲಿದ್ದರೆ ಹೊಡೆದಳು ಎಂದು ಬರೆಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಗೋಡೆಯ ಸಂದಿನ ನಡುವೆ ನೆಲದ ಮೇಲೆ ಕಾಲು ಮಡಚಿ ಕೂತಳು.

"ಏಳು," ಎಂದರು ಮಾವ.

ಅವಳು ಏಳಲಿಲ್ಲ.

"ಏಳಮ್ಮ. ಹಿರೀಕ್ರು ನಿಂತವ್ರೆ."

ಅವಳು ತಲೆ ಎತ್ತಿ ಅವರ ಮುಖ ನೋಡಿದಳು. ಸೊಸೆ ಮಾವನ ಮುಖ ನೋಡಬಾರದು. ಇಷ್ಟು ವರ್ಷ ಅವಳು ನೋಡಿದ್ದು ಅವರ ಬೂಟುಗಳನ್ನು, ಬಟ್ಟಲು ಹಿಡಿದ ಕೈಯನ್ನು. ಸಾಧಾರಣ ಮುಖ. ಮೂಗಿನ ಪಕ್ಕದಲ್ಲಿ ಒಂದು ನರಹುಲಿ. ಇದಕ್ಕೆ ಹೆದರಿ ತಾನು ಕೋರ್ಟಿನಲ್ಲಿ ಮೂಗಿಯಾದೆನೇ ಎಂದುಕೊಂಡಳು.

"ಇಸಾಬೆಕ್," ಎಂದಳು.

ನಗು ನಿಂತಿತು.

"ಮುರ್ಜಾಲಿ ಮಗ ಇಸಾಬೆಕ್. ನಿನ್ನ ಮೇಲೇ ನನ್ನ ದಾವೆ. ಅವತ್ತು ಕೋರ್ಟಲ್ಲಿ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ಇವತ್ತು ಬಂತು. ಇಸಾಬೆಕ್, ನಾನು ಏಳಲ್ಲ."

ಅತ್ತೆ ಎರಡೂ ಕೈಯಿಂದ ಕೆನ್ನೆ ಪರಚಿಕೊಂಡು ಸತ್ತ ಮನೆಯಲ್ಲಿ ಅಳುವ ಹಾಗೆ ಅಳತೊಡಗಿದರು. ಒಬ್ಬ ಹಿರಿಯ ನೆಲಕ್ಕೆ ಉಗಿದು ಬೆನ್ನು ತಿರುಗಿಸಿದ. ಓಣಿಯಲ್ಲಿದ್ದ ಹೆಂಗಸರು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡರು. ಮಾವನ ಹೆಸರೆತ್ತಿದರೆ ನಾಲಗೆ ಉದುರಿ ಬೀಳುತ್ತದೆ ಎಂದು ಕನಿಶಾಯ್ ಚಿಕ್ಕಂದಿನಲ್ಲಿ ಕೇಳಿದ್ದಳು. ನಾಲಗೆ ಬಾಯಲ್ಲೇ ಇತ್ತು.

ಇಸಾಬೆಕ್‌ನ ಮುಖ ಬಿಳಿಚಿಕೊಂಡಿತು. "ಕಟ್ರೋ," ಎಂದ ಮಕ್ಕಳಿಗೆ.

"ಅಪ್ಪಾ, ಅತ್ತಿಗೆ ಕೂತವ್ಳೆ," ಎಂದ ಎರ್ಮೆಕ್.

"ಕೂತಿರ್ಲಿ. ಕಟ್ರೋ."

ಅವರು ಕಟ್ಟಿದರು. ಒಂದು ಕಡೆ ಸಾಪಾರ್, ಇನ್ನೊಂದು ಕಡೆ ಎರ್ಮೆಕ್. ಈ ಎರ್ಮೆಕ್‌ನನ್ನು ಅವಳು ಶಾಲೆಗೆ ಬೆನ್ನ ಮೇಲೆ ಹೊತ್ತು ಹಿಮ ದಾಟಿಸಿದ್ದಳು. ಅವನ ಕೈ ನಡುಗಿತು, ಆದರೆ ನಿಲ್ಲಲಿಲ್ಲ. ಕೈ ನಡುಗಿದ್ದನ್ನು ಪುಣ್ಯ ಎಂದು ಲೆಕ್ಕ ಹಾಕಲು ನನ್ನಿಂದ ಆಗುವುದಿಲ್ಲ. ಬ್ಲಾಕಿನ ಮೇಲೆ ಬ್ಲಾಕು ಅವಳ ಎಡ ಸೊಂಟಕ್ಕೆ ತಾಗಿ, ಬಲ ತೊಡೆಗೆ ತಾಗಿ ಏರಿತು. ಹಸಿ ಸಿಮೆಂಟು ಅವಳ ಕೋಟಿನ ಮೇಲೆ ಸುರಿಯಿತು, ಒಡೆದ ಅಂಗೈಗೆ ಬಿದ್ದು ಸುಟ್ಟಿತು. ಅವಳು ಕದಲಲಿಲ್ಲ. ಓಣಿಯಲ್ಲಿ ಟೀಚರಮ್ಮ ಜಿಬೆಕ್‌ಳನ್ನು ತಬ್ಬಿ ಹಿಡಿದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಿದ್ದರು. ಯಾರೂ ಅಡ್ಡ ಬರಲಿಲ್ಲ. ನಮ್ಮೂರಿನವರು ಕೆಟ್ಟವರಲ್ಲ, ಆದರೆ ಮನೆಯ ವಿಷಯ ಎಂದರೆ ಕಲ್ಲಾಗಿ ನಿಂತುಬಿಡುತ್ತಾರೆ. ಆ ಕೆಟ್ಟವರಲ್ಲದವರನ್ನು ಕಂಡರೆ ನನಗೆ ಕೆಟ್ಟವರಿಗಿಂತ ಹೆಚ್ಚು ಸಿಟ್ಟು.

ಗೋಡೆ ಅವಳ ಭುಜದವರೆಗೆ ಬಂದಾಗ ಓಣಿಯಲ್ಲಿ ಒಂದು ಹಳೆಯ ಕಾರು ನಿಂತಿತು. ಅಳತೆಗಾರ ಇಳಿದ. ಮೀಸೆ ಈಗ ತಾನೆ ಗಟ್ಟಿಯಾದ ತರುಣ, ಕೈಯಲ್ಲಿ ಫೈಲು, ಹೆಗಲಿಗೆ ಚೀಲ. ಗೋಡೆಯನ್ನು ನೋಡಿದ, ಗೋಡೆಯೊಳಗಿನ ಹೆಂಗಸನ್ನು ನೋಡಿದ, ಹಿರಿಯರ ಟೋಪಿಗಳನ್ನು ನೋಡಿದ. ತಪ್ಪು ವಿಳಾಸಕ್ಕೆ ಬಂದೆ ಎಂದು ಹೇಳಿ ಹೊರಟುಬಿಡಲು ಅವನಿಗೆ ಮನಸ್ಸಾದದ್ದು ಮುಖದಲ್ಲೇ ಕಾಣುತ್ತಿತ್ತು.

"ನಾನೇ ಕರೆಸಿದ್ದು," ಎಂದಳು ಕನಿಶಾಯ್ ಒಳಗಿನಿಂದ. "ಇದೇ ದಾರಿ. ಅಳತೆ ಮಾಡು."

ಇಸಾಬೆಕ್ ಅವನಿಗೆ ಕೈಮುಗಿದು, ಇಲ್ಲಿ ದಾರಿ ಇಲ್ಲ ಮಗ, ಹುಚ್ಚು ಹಿಡಿದ ಹೆಂಗಸು, ನೀನು ಒಳಗೆ ಬಂದು ಚಹಾ ಕುಡಿ ಎಂದ. ತರುಣ ಚಹಾಕ್ಕೂ ಹೋಗಲಿಲ್ಲ, ಅಳತೆಯನ್ನೂ ಮಾಡಲಿಲ್ಲ. ಕೊನೆಗೆ ಹತ್ತಿರ ಬಂದು ಎರಡು ಬ್ಲಾಕುಗಳ ನಡುವೆ, ಅವಳ ಎದೆಯ ಮುಂದೆ ಟೇಪು ಹಿಡಿದು ನೋಡಿದ.

"ಅಕ್ಕ, ಅರ್ಧ ಮೀಟರ್ ಕೂಡ ಬರ್ತಿಲ್ಲ," ಎಂದ ತಗ್ಗಿದ ದನಿಯಲ್ಲಿ. "ಕಾನೂನು ಒಂದು ಮೀಟರ್ ಕೇಳುತ್ತೆ. ಇಷ್ಟಕ್ಕೆ ದಾರಿ ಅಂತ ಬರೆದರೆ ಕಚೇರೀಲಿ ವಾಪಸ್ ಎಸೀತಾರೆ. ನಾನೇನು ಮಾಡ್ಲಿ?"

ಹಿರಿಯರು ಸಮಾಧಾನದಿಂದ ಗಡ್ಡ ನೀವಿಕೊಂಡರು. ಇಸಾಬೆಕ್ ತಲೆಯಾಡಿಸಿದ. ಕಾನೂನು ಎಂದರೆ ಕಾನೂನು, ಅದನ್ನು ಯಾರು ತಾನೆ ಮೀರುವುದು? ಒಂದು ಹೆಣ್ಣು ಕೂತರೆ ಹಿಡಿಸುವಷ್ಟು ಜಾಗ ದಾರಿಯಲ್ಲ. ಅಷ್ಟು ಜಾಗ ಗೋರಿಗೆ ಸಾಕು.

ಕನಿಶಾಯ್ ಎದ್ದಳು. ಕೂತು ಕೂತು ಕಾಲು ಜೋಮು ಹಿಡಿದಿತ್ತು, ಒಂದು ಸಲ ಮುಗ್ಗರಿಸಿ ಬ್ಲಾಕಿನ ಮೇಲೆಯೇ ಬಿದ್ದಳು. ಮತ್ತೆ ಎದ್ದಳು. ಎಡಗಡೆಯ ಹೊಸ ಗೋಡೆಗೆ ಬೆನ್ನು ಕೊಟ್ಟಳು, ಬಲಗಡೆಯದಕ್ಕೆ ಒಂದು ಪಾದ ಒತ್ತಿದಳು. ಹೊಂಡದಲ್ಲಿ ಮಣ್ಣು ತುಳಿದ ಪಾದ. ಹಲ್ಲು ಕಚ್ಚಿ ನೂಕಿದಳು. ಅವಳ ಗಂಟಲಿನಿಂದ ಹೆರುವ ಹೆಂಗಸಿನ ಸದ್ದು ಬಂತು. ಸಿಮೆಂಟು ಇನ್ನೂ ಹಸಿಯಾಗಿತ್ತು. ಎಡಗಡೆಯದು ಮೊದಲು ವಾಲಿತು, ಆಮೇಲೆ ಒಂದರ ಮೇಲೊಂದು ಉರುಳಿತು. ಬಲಗಡೆಯದು ಓಣಿಗೆ ಬಿದ್ದು ಎರಡು ಬ್ಲಾಕು ಕಾಲುವೆಗೆ ಇಳಿದವು. ಸಾಪಾರ್ ಕರಣೆ ಹಿಡಿದವನು ಹಿಂದಕ್ಕೆ ಹಾರಿದ. ಒಂದು ಬ್ಲಾಕು ಅವಳ ಕೈಬೆರಳುಗಳ ಮೇಲೆಯೇ ಬಿತ್ತು, ಉಗುರು ಕಿತ್ತು ರಕ್ತ ಬಂತು. ಅವಳು ಕಾಲಿನಿಂದ ಬ್ಲಾಕುಗಳನ್ನು ಆಚೆಗೆ ತಳ್ಳಿ ನಡುವೆ ನಿಂತಳು.

"ಈಗ ಅಳೆ," ಎಂದಳು.

ಇಸಾಬೆಕ್ ಎದೆ ಹಿಡಿದುಕೊಂಡು ಹಲಗೆಯ ಮೇಲೆ ಕೂತ. ಕಟ್ರೋ ಎಂದು ಹೇಳಲು ಬಾಯಿ ತೆರೆದ. ಮಕ್ಕಳಿಬ್ಬರೂ ನೆಲ ನೋಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತು ಹೋದರೆ ಅವರು ಮತ್ತೆ ಕಟ್ಟಿಯಾರು. ಎಲ್ಲರಿಗೂ ಗೊತ್ತಿತ್ತು. ಕನಿಶಾಯ್‌ಗೂ ಗೊತ್ತಿತ್ತು.

ತರುಣ ಟೇಪು ಬಿಚ್ಚಿದ. ಇನ್ನೊಂದು ತುದಿ ಹಿಡಿಯಲು ಯಾರಾದರೂ ಬನ್ನಿ ಎಂದ. ಓಣಿ ತುಂಬ ಜನ, ಯಾರೂ ಬರಲಿಲ್ಲ. ಕನಿಶಾಯ್ ರಕ್ತದ ಕೈಯನ್ನು ಲಂಗಕ್ಕೆ ಒರೆಸಿ, ತಾನೇ ಟೇಪಿನ ತುದಿ ಹಿಡಿದು ಒಡೆದ ಗೋಡೆಯ ಅಂಚಿಗೆ ಒತ್ತಿದಳು. ಅವನು ಎಳೆದು ಈ ಕಡೆಯ ಅಂಚಿಗೆ ತಂದ. ಬಗ್ಗಿ ಓದಿದ. ಓದಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಪೆನ್ನು ಫೈಲಿನ ಮೇಲೆ ನಿಂತಿತು. ಅವನು ಮೆಲ್ಲಗೆ ತಲೆ ಎತ್ತಿ, ಹಲಗೆಯ ಮೇಲೆ ಕೂತಿದ್ದ ಇಸಾಬೆಕ್‌ನ ಕಡೆ ತಿರುಗಿದ.

"ಅವನನ್ಯಾಕೆ ನೋಡ್ತೀಯ?" ಎಂದಳು ಕನಿಶಾಯ್. "ಟೇಪ್ ನೋಡು."